ಹುಟ್ಟೂರಿನ ನೀರು

ದಕ್ಷಿಣ ಚೀನದ ಗ್ವಾಂಗ್‌ಝೌ ಮಹಾನಗರದಲ್ಲಿ, ಮುತ್ತಿನ ನದಿಯೆಂದು ಹೆಸರಾದ ಹೊಳೆಯ ಅಂಚಿನಲ್ಲಿ, ಶಾಮ್ಯೆನ್ ಎಂಬ ಪುಟ್ಟ ದ್ವೀಪವೊಂದಿದೆ. ಆ ಹೆಸರಿಗೆ ಮರಳಿನ ಮೇಲ್ಮೈ ಎಂದು ಅರ್ಥ. ಉದ್ದ ಒಂದು ಕಿಲೋಮೀಟರಿಗೂ ಕಡಿಮೆ; ಅಗಲ ಸುಮಾರು ೩೦೦ ಮೀಟರು. ನಿಧಾನವಾಗಿ ಹೆಜ್ಜೆಯಿಡುವ ವಯಸ್ಸಾದವರೂ ಒಂದು ಗಂಟೆಯಲ್ಲಿ ಅದನ್ನು ಸುತ್ತಿ ಬರಬಹುದು. ದಾರಿಯ ಇಕ್ಕೆಲಗಳಲ್ಲಿ ಹಳೆಯ ಆಲದ ಮರಗಳು ಬಿಳಲು ಬಿಟ್ಟು ನಿಂತಿವೆ. ಅವುಗಳ ಹಿಂದೆ ಕಂಬಸಾಲುಗಳ ಐರೋಪ್ಯ ಮಾದರಿಯ ಕಟ್ಟಡಗಳು. ಎರಡನೆಯ ಅಫೀಮು ಯುದ್ಧದ ಕಾಲದಲ್ಲಿ ನಗರವನ್ನು ಹಿಡಿದಿದ್ದ ಬ್ರಿಟಿಷರೂ ಫ್ರೆಂಚರೂ ೧೮೫೯ರಲ್ಲಿ ಈ ಮರಳ ದಿಬ್ಬಕ್ಕೆ ಕಲ್ಲಿನ ಕಟ್ಟೆ ಕಟ್ಟಿ, ನಗರದ ಕಡೆಗೆ ಕಾಲುವೆಯನ್ನು ತೋಡಿ, ಅದನ್ನು ತಮ್ಮ ವಸಾಹತಾಗಿ ಮಾಡಿಕೊಂಡರು. ೧೯೨೫ರ ಜೂನ್ ೨೩ರಂದು ಕಾಲುವೆಯ ಆಚೆಯ ದಡದಲ್ಲಿ ಮೆರವಣಿಗೆ ಹೊರಟ ಚೀನೀಯರ ಮೇಲೆ ಈ ದ್ವೀಪದಿಂದಲೇ ಗುಂಡು ಹಾರಿತು. ಐವತ್ತಕ್ಕೂ ಮಿಕ್ಕಿ ಜನ ಮಡಿದರು. ಇಂದು ಆ ದಡದಲ್ಲಿ ವಾಹನಗಳ ಗದ್ದಲ. ಈ ದಡದಲ್ಲಿ ಮರದ ನೆರಳು.

ಇಂತಹ ಸ್ಥಳವನ್ನು ನೋಡಲು ಪ್ರವಾಸಿಗಳು ಬರುವುದರಲ್ಲಿ ಅಚ್ಚರಿಯಿಲ್ಲ. ಆದರೆ ೧೯೯೦ರ ದಶಕದಿಂದ ಮೊದಲ್ಗೊಂಡು ಎರಡು ದಶಕಗಳ ಕಾಲ ಇಲ್ಲಿಗೆ ಬರುತ್ತಿದ್ದ ಒಂದು ಬಗೆಯ ಪ್ರವಾಸಿಗಳನ್ನು ಜಗತ್ತಿನ ಬೇರೆ ಯಾವ ಪ್ರೇಕ್ಷಣೀಯ ಸ್ಥಳವೂ ಅಷ್ಟು ಸಂಖ್ಯೆಯಲ್ಲಿ ಕಂಡಿರಲಾರದು. ಅವರು ನಾಲ್ವರಾಗಿ ಬಂದು ಐವರಾಗಿ ಹಿಂದಿರುಗುತ್ತಿದ್ದರು.

೧೯೮೦ರ ಹೊತ್ತಿಗೆ ಚೀನದಲ್ಲಿ ದಂಪತಿಗಳಿಗೆ ಒಂದೇ ಮಗು ಎಂಬ ಕಟ್ಟಳೆ ಬಿಗಿಯಾಯಿತು. ವಂಶವೆಂದರೆ ಗಂಡುಮಗನೆಂದು ನಂಬಿದ್ದ ಹಳ್ಳಿಗಾಡುಗಳಲ್ಲಿ ಆ ಕಟ್ಟಳೆಯ ಭಾರವೆಲ್ಲ ಹೆಣ್ಣುಶಿಶುಗಳ ಮೇಲೆ ಬಿದ್ದಿತು. ನಮ್ಮ ನಾಡಿನ ಓದುಗರಿಗೆ ಆ ನಂಬಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ನಸುಕಿನಲ್ಲಿ ಸಂತೆಯ ಬಾಗಿಲಲ್ಲಿ, ಸೇತುವೆಯ ಬಳಿಯಲ್ಲಿ, ಆಸ್ಪತ್ರೆಯ ಮೆಟ್ಟಿಲ ಮೇಲೆ, ಯಾರಾದರೂ ಕಂಡು ಎತ್ತಿಕೊಳ್ಳಲಿ ಎಂಬಂತೆ ಬಟ್ಟೆಯಲ್ಲಿ ಸುತ್ತಿಟ್ಟ ಕೂಸುಗಳಿಂದ ಅನಾಥಾಲಯಗಳು ತುಂಬಿದುವು. ೧೯೯೨ರಲ್ಲಿ ಜಾರಿಗೆ ಬಂದ ದತ್ತಕ ಕಾನೂನು ಅವರನ್ನು ಹೊರದೇಶದವರಿಗೆ ಒಪ್ಪಿಸಲು ದಾರಿ ತೆರೆಯಿತು. ಅಮೆರಿಕದಿಂದ ಬಂದವರು ಮೊದಲು ಮಗು ಇರುವ ಪ್ರಾಂತದ ರಾಜಧಾನಿಗೆ ಹೋಗಿ ಅಲ್ಲಿ ದತ್ತಕವನ್ನು ನೋಂದಾಯಿಸಬೇಕು. ಮಗುವಿನ ಚೀನೀ ಪಾಸ್‌ಪೋರ್ಟ್ ಕೈಸೇರುವವರೆಗೆ ಒಂದು ವಾರ ಕಾಯಬೇಕು. ಅನಂತರ ಗ್ವಾಂಗ್‌ಝೌ ನಗರಕ್ಕೆ ಬರಬೇಕು. ಏಕೆಂದರೆ ಮಗುವಿಗೆ ವಲಸೆಯ ವೀಸಾ ಕೊಡುತ್ತಿದ್ದುದು ಆ ದೇಶದಲ್ಲೆಲ್ಲ ಇಲ್ಲಿನ ಅಮೆರಿಕನ್ ದೂತಾವಾಸ ಒಂದೇ. ಆ ಕಚೇರಿಯಿದ್ದುದು ಶಾಮ್ಯೆನ್ ದ್ವೀಪದಲ್ಲಿ. ಕಾಗದಗಳು ಒಂದು ಮೇಜಿನಿಂದ ಇನ್ನೊಂದಕ್ಕೆ ಸಾಗುವ ಆ ಎರಡು ವಾರಗಳಲ್ಲಿ ಕುಟುಂಬಗಳಿಗೆ ಬೇರೆ ಕೆಲಸವಿರಲಿಲ್ಲ. ಊರು ನೋಡುತ್ತ ಕಾಲ ಕಳೆಯಬೇಕು, ಅಷ್ಟೆ.

ಅಂತಹ ಸಾವಿರಾರು ಕುಟುಂಬಗಳಲ್ಲಿ ಒಂದರ ಹದಿನೈದು ದಿನಗಳನ್ನು ಕಣ್ಣ ಮುಂದೆ ತಂದುಕೊಂಡರೆ ಉಳಿದವರ ಕಥೆಯೂ ಬಹುಮಟ್ಟಿಗೆ ತಿಳಿದಂತೆಯೇ.

ನೋಡಿದ ಮಂಟಪ, ನೋಡದ ಸೇತುವೆ

೨೦೦೨ರ ನವೆಂಬರ್ ತಿಂಗಳು. ಗಂಡ, ಹೆಂಡತಿ, ಒಂಬತ್ತು ವರ್ಷದ ಮಗ, ಹೆಂಡತಿಯ ತಾಯಿ, ಈ ನಾಲ್ವರು ಜಿಯಾಂಗ್‌ಶಿ ಪ್ರಾಂತದ ರಾಜಧಾನಿಯಾದ ನಾನ್‌ಚಾಂಗ್ ನಗರಕ್ಕೆ ಬಂದಿಳಿದರು. ವರ್ಷಕ್ಕೂ ಮೀರಿ ಕಾಯ್ದ ಮೇಲೆ ಅಂಚೆಯಲ್ಲಿ ಬಂದಿದ್ದ ಒಂದು ಚಿಕ್ಕ ಭಾವಚಿತ್ರದ ಹೊರತು ಮಗುವಿನ ವಿಷಯ ಅವರಿಗೆ ಹೆಚ್ಚೇನೂ ತಿಳಿದಿರಲಿಲ್ಲ. ಮರುದಿನ ಸರ್ಕಾರದ ಕಚೇರಿಯೊಂದರಲ್ಲಿ, ಬಂದು ನಿಂತ ಹತ್ತು ಕುಟುಂಬಗಳ ಎದುರಿಗೆ, ಒಂದೊಂದಾಗಿ ಹೆಸರು ಕೂಗಿದರು. ಹದಿಮೂರು ತಿಂಗಳ ಹೆಣ್ಣುಮಗು. ಮೂರು ಅಂಗಿಗಳ ಮೇಲೆ ಹತ್ತಿ ತುಂಬಿದ ಕುಪ್ಪಸ ತೊಟ್ಟಿದ್ದಿತು. ನೀಲಿ ಮೇಲಂಗಿಯ ಹೆಂಗಸೊಬ್ಬಳು ಅದನ್ನು ತಾಯಿಯ ತೋಳಿಗಿಟ್ಟು, ಎರಡು ಮಾತಾಡಿ, ಬೇಗಬೇಗನೆ ಹೊರಕ್ಕೆ ಹೋದಳು. ಮಗು ಬಾಗಿಲನ್ನೇ ನೋಡುತ್ತ ಚೀರಿತು. ಆ ಸಂಜೆ, ಆ ರಾತ್ರಿ, ಮರುದಿನವೂ ಚೀರಿತು. ತಾಯಿ ಎತ್ತಿಕೊಂಡರೆ ಮೈಯನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸುವುದು. ಅಜ್ಜಿಯ ತೊಡೆಯ ಮೇಲಾದರೆ ಬಿಕ್ಕುತ್ತ ಸುಮ್ಮನಾಗುವುದು.

ಮಗುವಿನೊಂದಿಗೆ ಎರಡು ವಸ್ತುಗಳು ಬಂದಿದ್ದುವು. ಒಂದು, ಕುಟುಂಬದವರೇ ಮೊದಲು ಅನಾಥಾಲಯಕ್ಕೆ ಕಳುಹಿಸಿದ್ದ ಅಗ್ಗದ ಕ್ಯಾಮೆರಾ. ರೀಲು ಮುಗಿದಿದ್ದಿತು, ತೊಳೆಸಿರಲಿಲ್ಲ. ಇನ್ನೊಂದು, ಮಗು ಸಿಕ್ಕ ಬಗೆಯನ್ನು ತಿಳಿಸುವ ಪ್ರಮಾಣಪತ್ರ. ಇಂತಹ ದಿನ, ಇಂತಹ ಪಟ್ಟಣದ ಸೇತುವೆಯ ಬಳಿ, ಹುಟ್ಟಿ ಎರಡು ದಿನಗಳಾಗಿರಬಹುದಾದ ಶಿಶು ಎಂದು ಅದರಲ್ಲಿದ್ದಿತು.

“ಆ ಸೇತುವೆಯನ್ನು ನೋಡಬಹುದೆ?” ಎಂದು ತಂದೆ ಕೇಳಿದನು.

ಮಾರ್ಗದರ್ಶಿಯಾಗಿದ್ದ ತರುಣಿ ಕೈಗಡಿಯಾರ ನೋಡಿಕೊಂಡಳು. “ಆ ಪಟ್ಟಣ ಇಲ್ಲಿಗೆ ಮೂರು ಗಂಟೆಯ ದಾರಿ. ನಾಳೆ ಕಚೇರಿಯಲ್ಲಿ ರುಜು ಹಾಕಬೇಕು. ಹೊತ್ತು ಸಾಲದು. ಬೇಕಿದ್ದರೆ ಟೆಂಗ್‌ವಾಂಗ್ ಮಂಟಪಕ್ಕೆ ಹೋಗೋಣ. ಎಲ್ಲರೂ ನೋಡುತ್ತಾರೆ.”

ಹೀಗೆ ಅವರು ಟೆಂಗ್‌ವಾಂಗ್ ಮಂಟಪಕ್ಕೆ ಹೋದರು. ಗಾನ್ ನದಿಯ ದಡದಲ್ಲಿ ಎದ್ದು ನಿಂತ ಆ ಸೌಧವನ್ನು ಮೊದಲು ಕಟ್ಟಿಸಿದವನು ತಾಂಗ್ ವಂಶದ ರಾಜಕುಮಾರನೊಬ್ಬ, ೬೫೩ರಲ್ಲಿ. ವಾಂಗ್ ಬೊ ಎಂಬ ತರುಣ ಕವಿ ಅಲ್ಲಿನ ಔತಣವೊಂದರಲ್ಲಿ ಬರೆದ ಪ್ರಸ್ತಾವನೆಯಿಂದ ಅದರ ಹೆಸರು ಚೀನೀ ಸಾಹಿತ್ಯದಲ್ಲಿ ಅಮರವಾಯಿತು. ಕಟ್ಟಡ ಮಾತ್ರ ಅಮರವಲ್ಲ. ಬೆಂಕಿಗೂ ಯುದ್ಧಕ್ಕೂ ಸಿಕ್ಕಿ ಎಷ್ಟೋ ಸಲ ನಾಶವಾಗಿ, ಎಷ್ಟೋ ಸಲ ಮತ್ತೆ ಎದ್ದಿತು. ಈಗ ಕಾಣುವುದು ೧೯೮೯ರಲ್ಲಿ ಮುಗಿದದ್ದು. ಎಣಿಕೆಯಲ್ಲಿ ಇಪ್ಪತ್ತೊಂಬತ್ತನೆಯದೆಂದು ಹೇಳುತ್ತಾರೆ. ಹುಡುಗನಿಗೆ ಈ ಲೆಕ್ಕ ಒಗಟಾಯಿತು.

“ಹಾಗಾದರೆ ಇದು ಹಳೆಯದೊ ಹೊಸದೊ?”

“ಹೆಸರು ಹಳೆಯದು, ಕಟ್ಟಡ ಹೊಸದು” ಎಂದಳು ಮಾರ್ಗದರ್ಶಿ.

ಮೇಲಿನ ಅಂತಸ್ತಿನಿಂದ ನದಿ ವಿಶಾಲವಾಗಿ ಕಾಣುತ್ತಿದ್ದಿತು. ತಂದೆ ಆ ನೋಟದ ಚಿತ್ರ ತೆಗೆದನು. ಆದರೆ ಕಣ್ಣು ನದಿಯ ಗುಂಟ ದೂರ ಹೋಗಿ, ಕಾಣದ ಇನ್ನೊಂದು ಸೇತುವೆಯನ್ನು ಹುಡುಕುತ್ತಿದ್ದಿತು. ನೋಡಬೇಕೆನಿಸಿದುದನ್ನು ನೋಡಲಾಗದವರು ನೋಡಲು ಸಿಕ್ಕಿದುದನ್ನೆಲ್ಲ ನೋಡಿದರು. ಮುಂದಿನ ಹತ್ತು ದಿನಗಳೂ ಹಾಗೆಯೇ ಆದುವು.

ಬಿಳಿಯ ಹಂಸ

ಗ್ವಾಂಗ್‌ಝೌ ನಗರದಲ್ಲಿ ಅವರು ಇಳಿದುಕೊಂಡುದು ಶಾಮ್ಯೆನ್ ದ್ವೀಪದ ‘ಬಿಳಿಯ ಹಂಸ’ ಹೋಟೆಲಿನಲ್ಲಿ. ೧೯೮೩ರಲ್ಲಿ ತೆರೆದ ಈ ಬೃಹತ್ ಹೋಟೆಲು, ಚೀನದ ಬಾಗಿಲು ಹೊರಗಿನವರಿಗೆ ಮತ್ತೆ ತೆರೆದ ಕಾಲದ ಗುರುತು. ಒಳಗೆ ಕಾಲಿಟ್ಟೊಡನೆ ಅಂತಸ್ತುಗಳ ಎತ್ತರಕ್ಕೂ ತೆರೆದ ಅಂಗಳ. ಅದರಲ್ಲಿ ಕೃತಕ ಬೆಟ್ಟ. ಬೆಟ್ಟದ ತಲೆಯಲ್ಲಿ ಪುಟ್ಟ ಮಂಟಪ. ಅಲ್ಲಿಂದ ಧುಮುಕುವ ಜಲಪಾತ. ಕೆಳಗಿನ ಕೊಳದಲ್ಲಿ ಬಣ್ಣದ ಮೀನುಗಳು. ಬಂಡೆಯ ಮೇಲೆ ದೊಡ್ಡದಾಗಿ ಮೂರು ಚೀನೀ ಅಕ್ಷರಗಳನ್ನು ಕೆತ್ತಿದೆ. ಅವುಗಳ ಅರ್ಥ ‘ಹುಟ್ಟೂರಿನ ನೀರು’. ತಲೆಮಾರುಗಳ ಹಿಂದೆ ಕಡಲಾಚೆ ಹೋಗಿ ನೆಲೆಸಿ, ಮುಪ್ಪಿನಲ್ಲಿ ತಾಯ್ನಾಡು ನೋಡಲು ಬರುವ ಚೀನೀಯರ ಮನಸ್ಸನ್ನು ಬಗೆದು ಇಟ್ಟ ಹೆಸರು ಅದು. ಆದರೆ ಆ ನೀರಿನ ಮುಂದೆ ದಿನವೂ ಹಾದುಹೋಗುತ್ತಿದ್ದವರು ಹಿಂದಿರುಗಿ ಬಂದ ವೃದ್ಧರಿಗಿಂತ ಹೆಚ್ಚಾಗಿ ಬಿಟ್ಟು ಹೊರಟ ಶಿಶುಗಳು.

ಬೆಳಗಿನ ಉಪಾಹಾರದ ಹೊತ್ತಿಗೆ ಹೋಟೆಲಿನ ಊಟದ ಮನೆ ಒಂದು ಬಾಲವಾಡಿಯಾಗುತ್ತಿದ್ದಿತು. ಮೇಜು ಮೇಜಿಗೂ ಬಿಳಿಯ ತಂದೆತಾಯಿಗಳು, ಕಪ್ಪು ಕೂದಲಿನ ಕೂಸುಗಳು. ಯಾವ ಮಗುವೂ ಅಮೆರಿಕದ ತಿಂಡಿಯನ್ನು ಮೂಸುತ್ತಿರಲಿಲ್ಲ. ಅವಕ್ಕೆಲ್ಲ ಬೇಕಾಗಿದ್ದುದು ಬಿಸಿಬಿಸಿಯಾದ ಅಕ್ಕಿಯ ಗಂಜಿ. ಪಾತ್ರೆಯ ಮುಂದಿನ ಫಲಕದ ಮೇಲೆ ಇಂಗ್ಲಿಷಿನಲ್ಲಿ ‘ಕಾಂಜೀ’ ಎಂದಿದ್ದಿತು. ಆ ಇಂಗ್ಲಿಷ್ ಶಬ್ದ ಚೀನದ್ದಲ್ಲ. ತಮಿಳಿನ ಕಂಜಿಯಿಂದ, ಅಂದರೆ ನಮ್ಮ ಗಂಜಿಯ ಒಡಹುಟ್ಟಿದ ಮಾತಿನಿಂದ, ಕಡಲ ವ್ಯಾಪಾರಿಗಳ ನಾಲಗೆಯೇರಿ ಹೋದದ್ದು. ಬೇರೆ ಊರಿಗೆ ಹೋಗಿ ಅಲ್ಲಿನದೇ ಆಗಿಬಿಡುವುದು ಮನುಷ್ಯರಿಗಷ್ಟೇ ಅಲ್ಲ, ಮಾತಿಗೂ ಉಂಟು. ಅಜ್ಜಿ ಚಮಚದಲ್ಲಿ ಗಂಜಿಯನ್ನು ಆರಿಸಿ ಕೊಟ್ಟಳು. ಮಗು ಎರಡು ಬಟ್ಟಲು ಕುಡಿಯಿತು. ತಾಯಿ ಕೊಡಹೋದಾಗ ತುಟಿ ಬಿಗಿದುಕೊಂಡಿತು.

ಮಧ್ಯಾಹ್ನ ದ್ವೀಪದ ವೈದ್ಯರಲ್ಲಿ ತಪಾಸಣೆ ನಡೆಯಿತು. ತೂಕ, ಎತ್ತರ, ಕಿವಿ, ಗಂಟಲು. ಹೊರಗೆ ಬಂದರೆ ಸಾಲಾಗಿ ಅಂಗಡಿಗಳು. ಆ ಅಂಗಡಿಗಳ ವ್ಯಾಪಾರವೆಲ್ಲ ಈ ಶಿಶುಗಳ ಸುತ್ತಲೇ ಬೆಳೆದದ್ದು. ಬಟ್ಟೆ ಒಗೆಯಲು ಕೊಟ್ಟವರಿಗೆ ಮಗುವನ್ನು ಕೂರಿಸಿ ತಳ್ಳುವ ಗಾಡಿ ಉಚಿತ. ನಡೆದರೆ ಕೀಚು ಕೀಚು ಎನ್ನುವ ಪಾದರಕ್ಷೆಗಳು, ಕಲ್ಲಿನ ಮೊಹರುಗಳು, ಮುತ್ತಿನ ಸರಗಳು, ರೇಷ್ಮೆಯ ಉಡುಪುಗಳು. ತಂದೆ ಒಂದು ಮೊಹರು ಕೆತ್ತಿಸಿದನು. ಅನಾಥಾಲಯ ಇಟ್ಟಿದ್ದ ಹೆಸರನ್ನು ತೆಗೆದುಹಾಕದೆ, ಹೊಸ ಹೆಸರಿನ ನಡುವೆ ಉಳಿಸಿಕೊಳ್ಳಬೇಕೆಂದು ಅವರು ಮೊದಲೇ ನಿಶ್ಚಯಿಸಿದ್ದರು. ಅಜ್ಜಿ ಒಂದೇ ಮಾದರಿಯ ಕೆಂಪು ರೇಷ್ಮೆಯ ಅಂಗಿಗಳನ್ನು ಐದು ಅಳತೆಗಳಲ್ಲಿ ಆರಿಸಿದಳು.

“ಇಷ್ಟೇಕಮ್ಮ?” ಎಂದಳು ಮಗಳು.

“ಬೆಳೆಯುತ್ತಾಳಲ್ಲ! ಆಗ ಇಲ್ಲಿಗೆ ಬಂದು ತರುವವರಾರು?”

ಆ ಅಂಗಡಿಗಳಲ್ಲಿ ಪ್ರತಿಯೊಂದು ಕುಟುಂಬವೂ ಮಾಡುತ್ತಿದ್ದುದು ಇದನ್ನೇ. ನೆನಪಿಟ್ಟುಕೊಳ್ಳಲಾರದ ಮಗುವಿನ ಪರವಾಗಿ ಒಂದು ದೇಶವನ್ನು ಪೆಟ್ಟಿಗೆಗಳಲ್ಲಿ ತುಂಬಿಕೊಳ್ಳುವುದು.

ಆರು ಆಲದ ಗುಡಿ

ಕಾಗದಗಳು ಕಚೇರಿಯಲ್ಲಿದ್ದ ದಿನಗಳಲ್ಲಿ ಮಾರ್ಗದರ್ಶಿ ಎಲ್ಲರನ್ನೂ ಬಸ್ಸಿನಲ್ಲಿ ಊರು ಸುತ್ತಿಸಿದಳು. ಯುಎಶಿಯು ಉದ್ಯಾನದ ಗುಡ್ಡದ ಮೇಲೆ ಕಲ್ಲಿನ ಐದು ಟಗರುಗಳು ನಿಂತಿವೆ. ಕ್ಷಾಮದ ಕಾಲದಲ್ಲಿ ಐವರು ದೇವತೆಗಳು ಐದು ಟಗರುಗಳನ್ನೇರಿ ಬಂದು ಈ ನಗರಕ್ಕೆ ಬತ್ತದ ತೆನೆಗಳನ್ನು ಕೊಟ್ಟರಂತೆ. ಅವರು ಆಕಾಶಕ್ಕೆ ಹಿಂದಿರುಗಿದರು. ಟಗರುಗಳು ಕಲ್ಲಾಗಿ ಇಲ್ಲಿಯೇ ಉಳಿದುವು. ಶಿಲ್ಪಿಗಳು ದೊಡ್ಡ ಟಗರಿನ ಬುಡದಲ್ಲಿ ಹಾಲು ಕುಡಿಯುವ ಮರಿಯೊಂದನ್ನೂ ಕಡೆದಿದ್ದಾರೆ. ಹತ್ತು ಕುಟುಂಬಗಳೂ ಚಿತ್ರ ತೆಗೆಸಿಕೊಂಡುದು ಆ ಮರಿಯ ಮುಂದೆಯೇ.

ಚೆನ್ ಮನೆತನದ ಸಭಾಮಂದಿರ ಇನ್ನೊಂದು ಬಗೆಯ ನೋಟ. ಗ್ವಾಂಗ್‌ಡಾಂಗ್ ಪ್ರಾಂತದ ೭೨ ತಾಲ್ಲೂಕುಗಳಲ್ಲಿ ಹರಡಿದ್ದ ಚೆನ್ ಎಂಬ ಮನೆತನದವರು ಹಣ ಕೂಡಿಸಿ ೧೮೯೪ರಲ್ಲಿ ಇದನ್ನು ಮುಗಿಸಿದರು. ರಾಜಪರೀಕ್ಷೆಗೆಂದು ನಗರಕ್ಕೆ ಬರುವ ತಮ್ಮ ವಂಶದ ಹುಡುಗರು ತಂಗಲು ಒಂದು ನೆಲೆ, ಹಿರಿಯರ ಪೂಜೆಗೆ ಒಂದು ಸ್ಥಾನ. ಛಾವಣಿಯ ಏಣಿನ ಮೇಲೆ ಬಣ್ಣದ ಮಣ್ಣಿನ ಬೊಂಬೆಗಳ ಸಾಲು. ಬಾಗಿಲಲ್ಲಿ, ತೊಲೆಯಲ್ಲಿ, ಕಲ್ಲಿನಲ್ಲಿ, ಇಟ್ಟಿಗೆಯಲ್ಲಿ ಕೆತ್ತನೆ. ಈಗ ಅದು ಜಾನಪದ ಕಲೆಗಳ ಸಂಗ್ರಹಾಲಯ. ಪೂರ್ವಿಕರ ಹೆಸರಿನ ಫಲಕಗಳನ್ನು ಸಾಲಾಗಿ ಇಡುತ್ತಿದ್ದ ಒಳಾಂಗಣದ ವಿಷಯ ಹೇಳುತ್ತ ಮಾರ್ಗದರ್ಶಿ ಸ್ವಲ್ಪ ಅಳುಕಿದಳು. ಕೇಳುತ್ತಿದ್ದವರ ತೋಳುಗಳಲ್ಲಿದ್ದ ಶಿಶುಗಳಿಗೆ ಅಂತಹ ಫಲಕವೊಂದೂ ಇರಲಿಲ್ಲ. ಅನೇಕ ಅನಾಥಾಲಯಗಳಲ್ಲಿ ಎಲ್ಲ ಮಕ್ಕಳಿಗೂ ಒಂದೇ ಮನೆತನದ ಹೆಸರನ್ನು ಇಡುತ್ತಿದ್ದರು. ಹೆತ್ತವರಾರೆಂದು ತಿಳಿಯದವರಿಗೆ ಸಂಸ್ಥೆಯೇ ವಂಶ. ಯಾವ ವಂಶವು ಉಳಿಯಲೆಂದು ಇಷ್ಟು ದೊಡ್ಡ ಮಂದಿರ ಎದ್ದಿತೊ, ಅದೇ ವಂಶದ ಹಂಬಲ ಈ ಕೂಸುಗಳನ್ನು ಸೇತುವೆಯ ಬಳಿಗೆ ತಂದಿತ್ತು. ತಾಯಿ ಆ ಅಂಗಳದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಸಂಜೆಗೆ ಆರು ಆಲದ ಗುಡಿ. ೫೩೭ರಲ್ಲಿ ಸ್ಥಾಪನೆಯಾದ ಬೌದ್ಧ ವಿಹಾರವಿದು. ಸು ಡಾಂಗ್‌ಪೊ ಎಂಬ ಮಹಾಕವಿ ಇಲ್ಲಿಗೆ ಬಂದಾಗ ಅಂಗಳದಲ್ಲಿದ್ದ ಆರು ಆಲದ ಮರಗಳನ್ನು ಮೆಚ್ಚಿ ‘ಆರು ಆಲ’ ಎಂದು ಎರಡು ಅಕ್ಷರಗಳನ್ನು ಬರೆದುಕೊಟ್ಟನು. ಆ ಮರಗಳು ಎಂದೋ ಹೋದುವು, ಹೆಸರು ಹೋಗಲಿಲ್ಲ. ಅಂಗಳದ ನಡುವೆ ಎಂಟು ಮೂಲೆಯ ಹೂವಿನ ಗೋಪುರ ೫೭ ಮೀಟರು ಎತ್ತರಕ್ಕೆ ನಿಂತಿದೆ. ಇದೇ ನಗರದ ರೇವಿನಲ್ಲಿ ಆರನೆಯ ಶತಮಾನದಲ್ಲಿ ದಕ್ಷಿಣ ಭಾರತದಿಂದ ಬಂದ ಬೋಧಿಧರ್ಮ ಹಡಗಿನಿಂದಿಳಿದನೆಂದು ಪ್ರತೀತಿಯಿದೆ. ಪರದೇಶಿಯಾಗಿ ಬಂದವನನ್ನು ಚೀನವು ತನ್ನ ಆದಿಗುರುಗಳಲ್ಲಿ ಒಬ್ಬನನ್ನಾಗಿ ಮಾಡಿಕೊಂಡಿತು.

ದತ್ತಕ ಕುಟುಂಬಗಳು ಈ ಗುಡಿಗೆ ಬಂದು ಹೋಗುವುದು ವಾಡಿಕೆಯಾಗಿಬಿಟ್ಟಿದ್ದಿತು. ಗುವಾನ್‌ಯಿನ್ ದೇವಿಯ ಸನ್ನಿಧಿಯಲ್ಲಿ ನೆಲದ ಮೇಲಿನ ಮೆತ್ತೆಗಳಲ್ಲಿ ಎಲ್ಲರೂ ಮಂಡಿಯೂರಿದರು. ಭಾರತದ ಅವಲೋಕಿತೇಶ್ವರನೇ ಚೀನಕ್ಕೆ ಹೋಗಿ ಕರುಣಾಮಯಿಯಾದ ಸ್ತ್ರೀರೂಪ ತಾಳಿದ್ದು. ಮಕ್ಕಳಿಲ್ಲದವರು ಮಕ್ಕಳನ್ನು ಬೇಡುವುದು ಈ ದೇವಿಯಲ್ಲಿ. ಭಿಕ್ಷುವೊಬ್ಬನು ಗಂಟೆ ಬಾರಿಸುತ್ತ ಶಿಶುಗಳಿಗಾಗಿ ಮಂತ್ರ ಪಠಿಸಿದನು. ಬಂದವರಲ್ಲಿ ಬೌದ್ಧರು ಯಾರೂ ಇರಲಿಲ್ಲ. ಆದರೂ ಗಂಡಸರು ಸಹ ತಲೆ ತಗ್ಗಿಸಿದ್ದರು. ಕುಂತಿ ಹೊಳೆಯಲ್ಲಿ ತೇಲಿಬಿಟ್ಟ ಕೂಸನ್ನು ರಾಧೆ ಎತ್ತಿಕೊಂಡಳು. ಆತ ರಾಧೇಯನೆಂದೇ ಹೆಸರಾದನು. ಆದರೆ ತೇಲಿಬಿಟ್ಟವಳ ನೋವನ್ನಾಗಲಿ, ತೇಲಿಬಂದವನ ನೋವನ್ನಾಗಲಿ ರಾಧೆಯ ಪ್ರೀತಿ ಇಲ್ಲವೆನಿಸಲಿಲ್ಲ. ಎತ್ತಿಕೊಂಡವರ ಸಂತೋಷದ ಒಳಗೆ ಬಿಟ್ಟವರ ದುಃಖ ಸದಾ ಇರುತ್ತದೆ. ಆ ಸನ್ನಿಧಿಯಲ್ಲಿ ತಾಯಿಯ ಕಣ್ಣಲ್ಲಿ ನೀರಿಳಿದುದು ಸಂತೋಷಕ್ಕೋ ಬೇರೆಯದಕ್ಕೋ ಎಂದು ಪಕ್ಕದಲ್ಲಿದ್ದ ಗಂಡನಿಗೂ ತಿಳಿಯಲಿಲ್ಲ. ಮಗು ಆಗಲೂ ಅಜ್ಜಿಯ ತೊಡೆಯ ಮೇಲೆಯೇ ಇದ್ದಿತು.

ತೊಳೆಸಿದ ರೀಲು

ಅನಾಥಾಲಯದಿಂದ ಬಂದ ಕ್ಯಾಮೆರಾದ ನೆನಪಾದುದು ಮರುದಿನ. ತಂದೆ ಅದನ್ನು ಒಯ್ದು ದ್ವೀಪದ ಅಂಗಡಿಯೊಂದರಲ್ಲಿ ತೊಳೆಯಲು ಕೊಟ್ಟನು. ಸಂಜೆಗೆ ಲಕ್ಕೋಟೆ ಕೈಗೆ ಬಂದಿತು. ಇಪ್ಪತ್ತೇಳರಲ್ಲಿ ಅರ್ಧಕ್ಕಿಂತ ಹೆಚ್ಚು ಕೆಟ್ಟಿದ್ದುವು; ಕೆಲವು ಕತ್ತಲು, ಕೆಲವಕ್ಕೆ ಬೆರಳು ಅಡ್ಡ. ಉಳಿದವುಗಳಲ್ಲಿ ಒಂದು ಹಜಾರ ಕಂಡಿತು. ಕಬ್ಬಿಣದ ತೊಟ್ಟಿಲುಗಳ ಸಾಲು. ಕಿಟಕಿಯ ಸರಳುಗಳಿಗೆ ಒಣಹಾಕಿದ ಬಟ್ಟೆ. ಅಂಗಳದಲ್ಲಿ ಬಿದಿರಿನ ಕುರ್ಚಿಯೊಳಗೆ ಕುಳಿತ ಮಗು. ಮಗುವಿಗೆ ಉಣಿಸುತ್ತಿರುವ ನೀಲಿ ಮೇಲಂಗಿಯ ಹೆಂಗಸು. ಆ ಹೆಂಗಸು ಐದು ಚಿತ್ರಗಳಲ್ಲಿ ಇದ್ದಳು. ಕೊನೆಯದರಲ್ಲಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ತಲೆ ಬಾಚಿಕೊಂಡು, ನೇರವಾಗಿ ಕ್ಯಾಮೆರಾವನ್ನು ನೋಡುತ್ತ ನಿಂತಿದ್ದಳು. ತನ್ನ ಮುಖ ಎಷ್ಟು ದೂರಕ್ಕೆ ಹೋಗುವುದೆಂದು ಅವಳಿಗೆ ತಿಳಿದಿದ್ದಂತೆ ಕಂಡಿತು.

ಚಿತ್ರಗಳು ಹಾಸಿಗೆಯ ಮೇಲೆ ಹರಡಿದ್ದುವು. ಮಗು ಅಂಬೆಗಾಲಿಟ್ಟು ಬಂದಿತು. ಒಂದು ಚಿತ್ರದ ಬಳಿ ನಿಂತಿತು. ಬಹಳ ಹೊತ್ತು ನೋಡಿ, ಅಂಗೈಯನ್ನು ಆ ಹೆಂಗಸಿನ ಮುಖದ ಮೇಲೆ ಇಟ್ಟಿತು. ಅನಂತರ ತಲೆಯೆತ್ತಿ ಕೋಣೆಯ ಬಾಗಿಲನ್ನು ನೋಡಿತು. ಯಾರೂ ಬರಲಿಲ್ಲ. ಆಗ ಅತ್ತಿತು, ಮೊದಲಿನಂತೆ ಚೀರಲಿಲ್ಲ, ದೊಡ್ಡವರು ಅಳುವಂತೆ ಸದ್ದಿಲ್ಲದೆ ಅತ್ತಿತು.

ತಾಯಿ ಒಂದು ವಾರದಿಂದ ಒಳಗೇ ನುಂಗಿಕೊಂಡಿದ್ದ ಮಾತನ್ನು ಅಜ್ಜಿಯೇ ಆಡಿದಳು. “ಇವಳು ನಿನ್ನನ್ನು ಬೇಡವೆನ್ನುತ್ತಿರಲಿಲ್ಲ ಮಗಳೇ. ಇವಳಿಗೆ ಅವಳು ಬೇಕಾಗಿದ್ದಳು.”

ಆ ರಾತ್ರಿ ತಾಯಿ ಮಗುವನ್ನು ಸಮಾಧಾನಪಡಿಸುವ ಪ್ರಯತ್ನವನ್ನೇ ಮಾಡಲಿಲ್ಲ. ಚಿತ್ರವನ್ನು ಅದರ ಕೈಯಲ್ಲಿಯೇ ಬಿಟ್ಟು, ಪಕ್ಕದಲ್ಲಿ ಮಲಗಿ, ಕಾಯುತ್ತ ಇದ್ದಳು. ಅರ್ಧರಾತ್ರಿಯ ಹೊತ್ತಿಗೆ ಮಗು ತಾನಾಗಿ ಹೊರಳಿ ಅವಳ ತೋಳಿನ ಮೇಲೆ ತಲೆಯಿಟ್ಟು ನಿದ್ರೆಹೋಯಿತು.

ಬೆಳಗಾದ ಮೇಲೆ ಮಾರ್ಗದರ್ಶಿ ಅನಾಥಾಲಯಕ್ಕೆ ದೂರವಾಣಿ ಮಾಡಿ, ಆ ಹೆಂಗಸಿನ ಹೆಸರನ್ನು ಕೇಳಿ, ಚಿತ್ರದ ಹಿಂದೆ ಚೀನೀ ಅಕ್ಷರಗಳಲ್ಲಿ ಬರೆದುಕೊಟ್ಟಳು. ಐದು ಚಿತ್ರಗಳ ಇನ್ನೊಂದು ಪ್ರತಿಯನ್ನು ತೆಗೆಸಿ, ಗಂಜಿ ಕುಡಿಯುತ್ತಿರುವ ಮಗುವಿನ ಹೊಸದೊಂದನ್ನೂ ಸೇರಿಸಿ, ಅವಳಿಗೆ ತಲುಪಿಸಲು ಕೊಟ್ಟರು. ಹತ್ತು ದಿನಗಳಿಂದ ತಂದೆ ಗೋಪುರ, ಉದ್ಯಾನ, ನದಿ ಎಂದು ಎಂಟು ರೀಲು ತೆಗೆದಿದ್ದನು. ಆ ಮಗುವಿನ ಚೀನ ಅವುಗಳಲ್ಲಿ ಒಂದರಲ್ಲೂ ಇರಲಿಲ್ಲ. ಅದು ಇದ್ದುದು ಯಾರೋ ನಡುಗುವ ಕೈಯಿಂದ ತೆಗೆದ ಆ ಐದು ಚಿತ್ರಗಳಲ್ಲಿ.

ಬಲಗೈಯೆತ್ತಿ

ಕೊನೆಯ ದಿನಗಳ ಶಾಸ್ತ್ರಗಳು ಬೇಗ ಮುಗಿದುವು. ಹೋಟೆಲಿನ ಕೆಂಪು ಸೋಫಾದ ಮೇಲೆ ಹತ್ತೂ ಶಿಶುಗಳನ್ನು ರೇಷ್ಮೆಯ ಅಂಗಿ ತೊಡಿಸಿ ಸಾಲಾಗಿ ಕೂರಿಸಿದರು. ಒಂದು ಉರುಳಿತು, ಮೂರು ಅತ್ತುವು, ಒಂದು ಪಕ್ಕದವಳ ಪಾದರಕ್ಷೆಯನ್ನು ಕಚ್ಚಿತು. ಅಲ್ಲಿಗೆ ಬಂದ ಪ್ರತಿಯೊಂದು ತಂಡವೂ ತೆಗೆಸಿಕೊಳ್ಳುತ್ತಿದ್ದ ಚಿತ್ರವದು. ಅಮೆರಿಕದ ಆಟಿಕೆ ಕಂಪನಿ ಮ್ಯಾಟೆಲ್ ಕೆಲವು ವರ್ಷಗಳ ಕಾಲ ಇಲ್ಲಿನ ದತ್ತಕ ಕುಟುಂಬಗಳಿಗೆಂದೇ, ಚೀನೀ ಕೂಸನ್ನು ಎತ್ತಿಕೊಂಡ ಬಾರ್ಬಿ ಬೊಂಬೆಯೊಂದನ್ನು ಉಚಿತವಾಗಿ ಹಂಚುತ್ತಿದ್ದುದೂ ಉಂಟು.

ದೂತಾವಾಸದಲ್ಲಿ ಎಲ್ಲ ತಂದೆತಾಯಿಗಳೂ ಒಟ್ಟಾಗಿ ನಿಂತು, ಬಲಗೈಯೆತ್ತಿ, ತಾವು ಕೊಟ್ಟ ವಿವರಗಳೆಲ್ಲ ಸತ್ಯವೆಂದು ಪ್ರಮಾಣ ಮಾಡಿದರು. ಅವರಿಗೆ ತಿಳಿದಷ್ಟು ಸತ್ಯವೇ. ತಿಳಿಯದಿದ್ದುದರ ವಿಷಯ ಮುಂದೆ ಬೆಳಕಿಗೆ ಬಂದಿತು. ಪ್ರತಿಯೊಂದು ಕುಟುಂಬವೂ ಅನಾಥಾಲಯಕ್ಕೆ ಸುಮಾರು ೩,೦೦೦ ಡಾಲರು ಕಾಣಿಕೆ ಕೊಡಬೇಕಾಗಿದ್ದಿತು. ಹಣವಿದ್ದಲ್ಲಿ ಲೋಭವೂ ಹುಟ್ಟಿತು. ಹುನಾನ್ ಪ್ರಾಂತದ ಕೆಲವು ಅನಾಥಾಲಯಗಳು ಶಿಶುಗಳನ್ನು ಕೊಂಡುಕೊಂಡು, ಸಿಕ್ಕ ಕೂಸುಗಳೆಂದು ಸುಳ್ಳು ದಾಖಲೆ ಬರೆದುದು ೨೦೦೫ರಲ್ಲಿ ಬಯಲಾಯಿತು. ತಪ್ಪಿತಸ್ಥರಿಗೆ ಮರುವರ್ಷ ಶಿಕ್ಷೆಯಾಯಿತು. ಅಂದಿನಿಂದ ಎಷ್ಟೋ ಮನೆಗಳಲ್ಲಿ ಆ ಹಳೆಯ ಪ್ರಮಾಣಪತ್ರಗಳನ್ನು ಹೊರತೆಗೆದು, ಸೇತುವೆ, ಸಂತೆ, ಮೆಟ್ಟಿಲು ಎಂಬ ಮಾತುಗಳನ್ನು ಸಂಶಯದಿಂದ ಮತ್ತೆ ಓದಿದರು.

ಹೊರಡುವ ಬೆಳಗ್ಗೆ ಪೆಟ್ಟಿಗೆಗಳು ಬಾಗಿಲ ಬಳಿ ಸೇರಿದ್ದುವು. ಅಮೆರಿಕದ ಗಡಿಯಲ್ಲಿ ಅಧಿಕಾರಿಗಳೇ ಒಡೆಯಬೇಕಾದ ಮೊಹರು ಹಾಕಿದ ಲಕ್ಕೋಟೆ ತಂದೆಯ ಕೈಯಲ್ಲಿದ್ದಿತು. ೨೦೦೧ರಲ್ಲಿ ಜಾರಿಗೆ ಬಂದ ಕಾನೂನಿನಂತೆ, ತಂದೆತಾಯಿ ಇಬ್ಬರೊಡನೆ ಆ ನೆಲದ ಮೇಲೆ ಕಾಲಿಟ್ಟ ಗಳಿಗೆಯಲ್ಲಿಯೇ ಈ ಮಗು ಅಮೆರಿಕದ ಪ್ರಜೆ. ಬಸ್ಸು ಬರಲು ಇನ್ನೂ ಹತ್ತು ನಿಮಿಷವಿದ್ದಿತು. ಹುಡುಗ ಜಲಪಾತದ ಬಂಡೆಯ ಮೇಲಿನ ಅಕ್ಷರಗಳನ್ನು ತೋರಿಸಿ ಅರ್ಥ ಕೇಳಿದನು. ಮಾರ್ಗದರ್ಶಿ ಹೇಳಿದಳು. ಅವನು ಸ್ವಲ್ಪ ಯೋಚಿಸಿ, “ಹಾಗಾದರೆ ಇವಳು ಒಂದು ಸಲ ಮುಟ್ಟಬೇಕಲ್ಲ?” ಎಂದನು. ತಾಯಿ ಬಗ್ಗಿ ಮಗುವಿನ ಕೈಯನ್ನು ಕೊಳದ ನೀರಿಗೆ ತಾಗಿಸಿದಳು. ಮೀನುಗಳು ಚದುರಿದುವು. ಮಗು ಒದ್ದೆ ಕೈಯಿಂದ ತಾಯಿಯ ಕೆನ್ನೆಯನ್ನು ತಟ್ಟಿತು.

ಮೂರು ಗಂಟೆಯ ದಾರಿ

೨೦೦೫ರಲ್ಲಿ ಚೀನದಿಂದ ಅಮೆರಿಕಕ್ಕೆ ಹೋದ ಮಕ್ಕಳ ಸಂಖ್ಯೆ ಸುಮಾರು ೭,೯೦೦. ಅದೇ ಗರಿಷ್ಠ, ಅನಂತರ ಇಳಿಯುತ್ತ ಬಂದಿತು. ದೂತಾವಾಸವೂ ದ್ವೀಪವನ್ನು ಬಿಟ್ಟು ಹೊಸ ಬಡಾವಣೆಗೆ ಹೋಯಿತು. ‘ಬಿಳಿಯ ಹಂಸ’ ೨೦೧೨ರಲ್ಲಿ ದುರಸ್ತಿಗೆಂದು ಮುಚ್ಚಿ ೨೦೧೫ರಲ್ಲಿ ತೆರೆಯಿತು. ಒಂದೇ ಮಗುವಿನ ಕಟ್ಟಳೆ ೨೦೧೬ರಿಂದ ಸಡಿಲವಾಯಿತು. ೨೦೨೦ರ ಮಹಾಮಾರಿಯಲ್ಲಿ ದತ್ತಕಗಳು ನಿಂತುವು. ೨೦೨೪ರ ಸೆಪ್ಟೆಂಬರಿನಲ್ಲಿ ಚೀನ ಸರ್ಕಾರ, ಹತ್ತಿರದ ರಕ್ತಸಂಬಂಧಿಗಳ ಮಕ್ಕಳು ಮತ್ತು ಮಲಮಕ್ಕಳ ಹೊರತು ಯಾರನ್ನೂ ಹೊರದೇಶಕ್ಕೆ ದತ್ತು ಕೊಡುವುದಿಲ್ಲವೆಂದು ಸಾರ್ವಜನಿಕವಾಗಿ ತಿಳಿಸಿತು. ಮಗುವಿನ ಭಾವಚಿತ್ರ ಕೈಸೇರಿ, ಕೋಣೆಗೆ ಬಣ್ಣ ಹಚ್ಚಿ, ವರ್ಷಗಟ್ಟಲೆ ಕಾಯುತ್ತಿದ್ದ ನೂರಾರು ಕುಟುಂಬಗಳ ಕಾಯುವಿಕೆ ಅಲ್ಲಿಗೇ ಮುಗಿಯಿತು. ೧೯೯೨ರಿಂದ ಅದುವರೆಗೆ ಚೀನವನ್ನು ಬಿಟ್ಟ ಮಕ್ಕಳು ೧,೬೦,೦೦೦ಕ್ಕೂ ಹೆಚ್ಚು. ಅವರಲ್ಲಿ ಅರ್ಧದಷ್ಟು ಮಂದಿ ಅಮೆರಿಕದಲ್ಲಿ ಬೆಳೆದರು.

ಶಾಮ್ಯೆನ್ ದ್ವೀಪದ ಆಲದ ಮರಗಳು ಮಾತ್ರ ಇನ್ನೂ ಅಲ್ಲಿಯೇ ಇವೆ. ಅಂದು ಗಾಡಿಯಲ್ಲಿ ಕುಳಿತು ಅವುಗಳ ಕೆಳಗೆ ಸಾಗಿದ ಹೆಣ್ಣುಮಕ್ಕಳು ಇಂದು ತರುಣಿಯರು. ಅವರಲ್ಲಿ ಕೆಲವರು ಹಿಂದಿರುಗಿ ಬರುತ್ತಿದ್ದಾರೆ. ಗೋಪುರವನ್ನೂ ಟಗರುಗಳನ್ನೂ ಅವರು ನೋಡದೆ ಇರುವುದಿಲ್ಲ. ಆದರೆ ಅಲ್ಲಿಗೆ ಪ್ರವಾಸ ಮುಗಿಯುವುದೂ ಇಲ್ಲ. ಕೈಯಲ್ಲಿ ಒಂದು ಹಳೆಯ ಪ್ರಮಾಣಪತ್ರ, ಕೆಲವರಲ್ಲಿ ಹಿಂಬದಿಯಲ್ಲಿ ಹೆಸರು ಬರೆದ ಒಂದು ಚಿತ್ರ. ಸಾಕಿದವರು ಅಂದು ಹೊತ್ತು ಸಾಲದೆಂದು ಬಿಟ್ಟುಹೋದ ಆ ಮೂರು ಗಂಟೆಯ ದಾರಿಯನ್ನು ಅವರು ಈಗ ತಾವಾಗಿಯೇ ಹಿಡಿಯುತ್ತಿದ್ದಾರೆ.